ಹೂಂರಾಯರ ಸ್ವಾಗತ ಭಾಷಣ

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಒಂದೇ ಒಂದು "ಹೂಂ".

ಕನ್ನಡಕದಂಗಡಿಯ ಯಜಮಾನರ ಬಾಯಿಂದ ದಿನಕ್ಕೆ ನೂರು ಸಲ ಹೊರಡುವ ಮಾತು ಅದೊಂದೇ. ಅವರ ಕಸುಬೇ ಹಾಗೆ. ಬಂದವರು ಗೋಡೆಯ ಮೇಲಿನ ಅಕ್ಷರಗಳನ್ನು ಓದುತ್ತಾರೆ, ಇವರು ಗಾಜು ಬದಲಿಸಿ "ಹೂಂ" ಅನ್ನುತ್ತಾರೆ. ಮನೆಗೆ ಹೋದರೆ ಮಾತಿನ ಇಲಾಖೆ ಪೂರ್ತಿ ಹೆಂಡತಿಯದು, ಅಲ್ಲೂ ಇವರ ಪಾಲಿಗೆ "ಹೂಂ". ಹಾಗಾಗಿ ಬಡಾವಣೆಯವರೆಲ್ಲ ಅವರನ್ನು ಹೂಂರಾಯರು ಎಂದೇ ಕರೆಯುತ್ತಿದ್ದರು.

ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕುವ ಜನಕ್ಕೆ ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿಲ್ಲ, ಎಲ್ಲರನ್ನೂ ಪಾರ್ಕಿನಲ್ಲಿ ಒಂದು ಸಂಜೆ ಕೂಡಿಸಬೇಕು ಎಂದು ಬಡಾವಣೆಯ ಸಮಿತಿ ತೀರ್ಮಾನಿಸಿತ್ತು. ಸಭೆಯಲ್ಲಿ ಅಧ್ಯಕ್ಷರಾದ ನಿವೃತ್ತ ಹೆಡ್‌ಮೇಷ್ಟ್ರು, "ಸ್ವಾಗತ ಭಾಷಣ ನೀವೇ ಮಾಡ್ತೀರಲ್ವಾ?" ಎಂದು ಕೇಳಿದಾಗ ಹೂಂರಾಯರು ಬೇರೇನೋ ಯೋಚಿಸುತ್ತಿದ್ದರು. ಏನೆಂದರು ಎಂದು ಬೇರೆ ಹೇಳಬೇಕೆ?

ಅಂದು ರಾತ್ರಿ ಸುದ್ದಿ ಕೇಳಿ ಹೆಂಡತಿ ಹಾಸಿಗೆಯ ಮೇಲೆ ಬಿದ್ದು ಬಿದ್ದು ನಕ್ಕಳು.

"ರೀ, ನೀವಾ? ಭಾಷಣಾನಾ? ನನ್ನ ನೋಡೋಕೆ ಬಂದಾಗ ನಮ್ಮಪ್ಪ ನಿಮ್ಮ ಹೆಸರು ಕೇಳಿದ್ರೆ ನಿಮ್ಮಣ್ಣ ಉತ್ತರ ಹೇಳಿದ್ರು!"

ಹೂಂರಾಯರ ಮನಸ್ಸಿಗೆ ಅದು ಚುರುಕ್ ಎಂದಿತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಒಂದೇ ಒಂದು ಸಲ ಅವಳ ಬಾಯಿಂದ "ಪರವಾಗಿಲ್ವೇ!" ಅನ್ನಿಸಿಕೊಳ್ಳಬೇಕು ಎಂದು ಹಠ ಹುಟ್ಟಿತು. ಅವಳು ತಂಗಿಯ ಊರಿಗೆ ಹೊರಟ ಮೇಲೆ ಎರಡು ಪುಟ ಭಾಷಣ ಬರೆದು, ಬಾಯಿಪಾಠ ಮಾಡಲು ಕೂತರು. ಕಾರ್ಯಕ್ರಮ ಮುಂದಿನ ಭಾನುವಾರ. ಅವಳು ಈ ಭಾನುವಾರ ಸಂಜೆಯೇ ವಾಪಸ್ಸು. ಎಲ್ಲ ಲೆಕ್ಕ ಸರಿಯಾಗಿತ್ತು.

ಲೆಕ್ಕ ಕೆಡಿಸಿದ್ದು ಕುರ್ಚಿಗಳು. ಕುರ್ಚಿಗಳನ್ನು ಸಾಲಾಗಿ ಹಾಕಬೇಕೆಂದು ಅಧ್ಯಕ್ಷರು, ದುಂಡಗೆ ಹಾಕಬೇಕೆಂದು ಕಾರ್ಯದರ್ಶಿ. ಕಾರ್ಯದರ್ಶಿಯೆಂದರೆ ಔಷಧಿ ಅಂಗಡಿಯ ಅಕ್ಕ. ಸಾಲ ಕೇಳುವವರನ್ನೇ ನಗುನಗುತ್ತ ವಾಪಸ್ಸು ಕಳಿಸುವ ಹೆಂಗಸು, ಮೇಷ್ಟ್ರಿಗೆ ಜಗ್ಗುತ್ತಾಳೆಯೇ? ಕೊನೆಗೆ ಒಂದು ವಾರ ಮೊದಲೇ ಕುರ್ಚಿ ತರಿಸಿ ಪರೀಕ್ಷೆ ಮಾಡಿಬಿಡೋಣ ಎಂದಾಯಿತು. ಈ ಭಾನುವಾರ ನಾಲ್ಕು ಗಂಟೆಗೆ ಇನ್ನೂರು ಕುರ್ಚಿಗಳು ಪಾರ್ಕಿಗೆ ಬಂದಿಳಿದವು. ಕುರ್ಚಿಯವನ ಜೊತೆ ಮೈಕಿನವನೂ ಬಂದ.

"ನಿನ್ನನ್ನ ಯಾರಪ್ಪ ಕರೆದಿದ್ದು?" ಎಂದರು ಅಧ್ಯಕ್ಷರು.

"ಕುರ್ಚಿ ಎಲ್ಲಿರುತ್ತೋ ಅಲ್ಲಿ ನಾನಿರ್ತೀನಿ ಸಾರ್," ಎಂದು ಅವನು ಮರಕ್ಕೆ ಹಾರನ್ ಕಟ್ಟತೊಡಗಿದ.

ಮೊದಲು ಸಾಲು ಹಾಕಿದರು, ಆಮೇಲೆ ದುಂಡಗೆ ಮಾಡಿದರು, ಮತ್ತೆ ಸಾಲು. ಹೂಂರಾಯರು ಎರಡೂ ಕಡೆಗೆ "ಹೂಂ" ಎನ್ನುತ್ತ ಬೆವರು ಸುರಿಸಿ ಕುರ್ಚಿ ಹೊತ್ತರು.

"ಖಾಲಿ ಕುರ್ಚಿ ನೋಡಿ ಏನ್ ಗೊತ್ತಾಗುತ್ತೆ ಮೇಷ್ಟ್ರೇ? ಜನ ಕೂತ್ರೆ ತಾನೇ ತಿಳಿಯೋದು," ಎಂದಳು ಅಕ್ಕ.

ವಾಕಿಂಗಿಗೆ ಬಂದ ಹತ್ತು ಹನ್ನೆರಡು ಮಂದಿಯನ್ನು ಕರೆದು ಕೂರಿಸಿದರು. ಅಷ್ಟೇ ಸಾಕಾಯಿತು. ಜನ ಕೂತಿದ್ದಾರೆ ಎಂದರೆ ಏನೋ ಇದೆ ಎಂದು ಲೆಕ್ಕ. ದಾರಿಹೋಕರು ಬಂದು ಕೂತರು. ಎದುರಿನ ಮಹಡಿ ಮನೆಗಳವರು ಇಳಿದು ಬಂದರು. "ಏನಂತೆ?" ಎಂದು ಒಬ್ಬರು ಕೇಳಿದರೆ, "ಏನೋ ಗೊತ್ತಿಲ್ಲ, ಮೊದ್ಲು ಕೂತ್ಕೊಳ್ಳಿ, ಜಾಗ ಹೋಗುತ್ತೆ," ಎಂದು ಇನ್ನೊಬ್ಬರು. ಅರ್ಧ ಗಂಟೆಯಲ್ಲಿ ಇನ್ನೂರು ಕುರ್ಚಿ ತುಂಬಿ, ನೂರು ಜನ ಹುಲ್ಲಿನ ಮೇಲೆ ಕೂತಿದ್ದರು. ಮೈಕಿನವ "ಹಲೋ, ಹಲೋ, ಒನ್, ಟೂ, ತ್ರೀ" ಎಂದ. ಜನ ಚಪ್ಪಾಳೆ ಹೊಡೆದರು.

ಅಧ್ಯಕ್ಷರಿಗೆ ಗಾಬರಿಯಾಯಿತು. ಮೈಕು ಕಿತ್ತುಕೊಂಡು, "ಮಹನೀಯರೇ, ಇವತ್ತು ಕಾರ್ಯಕ್ರಮ ಇಲ್ಲ, ಇವತ್ತು ಬರೀ ಕುರ್ಚಿ ಪರೀಕ್ಷೆ," ಎಂದರು. ಇದೂ ತಮಾಷೆ ಎಂದುಕೊಂಡು ಜನ ಇನ್ನಷ್ಟು ಚಪ್ಪಾಳೆ ತಟ್ಟಿದರು. ಮೂವತ್ತು ವರ್ಷ ತೂಕಡಿಸುವ ಮಕ್ಕಳಿಗೆ ಪಾಠ ಹೇಳಿದ ಮನುಷ್ಯ. ಕಣ್ಣು ಬಿಟ್ಟುಕೊಂಡು ಕೂತ ಮುನ್ನೂರು ಜನರನ್ನು ಎಬ್ಬಿಸಿ ಕಳಿಸಲು ಅವರಿಗೆ ಮನಸ್ಸು ಬರಲಿಲ್ಲ.

"ಈಗ ನಮ್ಮ ಹೂಂರಾಯರಿಂದ ಸ್ವಾಗತ ಭಾಷಣ!" ಎಂದುಬಿಟ್ಟರು.

ಹೂಂರಾಯರು ಜೇಬು ತಡಕಿದರು. ಬರೆದ ಭಾಷಣ ಅಂಗಡಿಯ ಡ್ರಾಯರಿನಲ್ಲಿತ್ತು. ಮೊದಲ ವಾಕ್ಯದ ಹೊರತು ಏನೂ ಬಾಯಿಗೆ ಬಂದಿರಲಿಲ್ಲ, ಈಗ ಅದೂ ಮರೆತುಹೋಯಿತು. ಅಕ್ಕ ಹಿಂದಿನಿಂದ ನೂಕಿದಳು. ಮೈಕಿನ ಮುಂದೆ ನಿಂತು ಜನರನ್ನು ನೋಡಿದರು. ಅಷ್ಟು ಜನರಲ್ಲಿ ಹೆಂಡತಿ ಇಲ್ಲ ಎಂಬುದು ಹೊಳೆದದ್ದೇ ತಡ, ನಾಲಿಗೆಯ ಗಂಟು ಬಿಚ್ಚಿತು.

"ನಮ್ಮ ಮನೆಯಾಕೆ ಊರಲ್ಲಿಲ್ಲ," ಎಂದರು. ಜನ ನಕ್ಕರು. "ನಾಲ್ಕು ದಿನದಿಂದ ಮನೇಲಿ ಗಡಿಯಾರದ ಸದ್ದು ಕೇಳಿಸ್ತಿದೆ. ಆ ಗಡಿಯಾರಕ್ಕೆ ಸದ್ದಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಪಕ್ಕದಲ್ಲಿ ಮಾತಾಡೋ ಜೀವ ಒಂದಿಲ್ದೆ ಇದ್ರೆ ಅನ್ನ ಗಂಟಲಲ್ಲಿ ಇಳಿಯಲ್ಲ ಸ್ವಾಮಿ. ಅದಕ್ಕೇ ಹೇಳ್ತೀನಿ, ಇವತ್ತು ನಿಮ್ಮ ಪಕ್ಕದ ಕುರ್ಚೀಲಿ ಇರೋರನ್ನ ಮಾತಾಡಿಸಿ!"

ಜನ ಪಕ್ಕಕ್ಕೆ ತಿರುಗಿದರು. ಒಂದೇ ಮೆಟ್ಟಿಲು ಹತ್ತಿಳಿಯುತ್ತ ಎಂಟು ವರ್ಷ ಮಾತಾಡದಿದ್ದ ಇಬ್ಬರು ಕೈ ಕುಲುಕಿದರು. ಚಪ್ಪಾಳೆಯ ಅಮಲು ಹೂಂರಾಯರ ತಲೆಗೇರಿತು. "ನನ್ನಾಕೆ ಸಾಕ್ಷಾತ್ ತಾಳ್ಮೆಯ ಮೂರ್ತಿ! ಇಷ್ಟು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ, ನನ್ನ ಮೇಲೆ ದನಿ ಎತ್ತಿದವಳಲ್ಲ!" ಎಂದು ಹಾರನ್ ಅದುರುವಂತೆ ಸಾರಿದರು. ಅವರ ಬೀದಿಯವರು ಮಾತ್ರ ಮುಖ ಮುಖ ನೋಡಿಕೊಂಡರು.

ಆಮೇಲೆ ಕೇಳಬೇಕೆ! ಒಬ್ಬಳು ಅಜ್ಜಿ ಬಂದು ಹಾಡಿದಳು. ನಾಲ್ವರು ದಪ್ಪನೆಯ ಗಂಡಸರು ಕುಣಿದರು. ಯಾರದೋ ಮನೆಯಿಂದ ಚಹಾ ಬಂತು, ಇನ್ಯಾರದೋ ಮನೆಯಿಂದ ಬಿಸ್ಕತ್ತು. ಕುರ್ಚಿಗಳು ಸಾಲೂ ಅಲ್ಲದೆ ದುಂಡಗೂ ಅಲ್ಲದೆ ಎಲ್ಲೆಂದರಲ್ಲಿ ಹರಡಿದ್ದವು. ಅಧ್ಯಕ್ಷರೂ ಅಕ್ಕನೂ ಅದನ್ನು ಗಮನಿಸಲೂ ಇಲ್ಲ.

ಕತ್ತಲಾಗುವ ಹೊತ್ತಿಗೆ ಪಾರ್ಕಿನ ಕಾವಲುಗಾರ ಬಂದು ಅನುಮತಿ ಪತ್ರ ಕೇಳಿದ. ಅದರಲ್ಲಿದ್ದದ್ದು ಮುಂದಿನ ಭಾನುವಾರದ ತಾರೀಖು!

"ಈ ವಿಷಯ ಆಫೀಸಿಗೆ ಗೊತ್ತಾದ್ರೆ ಮುಂದಿನ ವಾರದ್ದೂ ರದ್ದಾಗುತ್ತೆ," ಎಂದ ಕಾವಲುಗಾರ. ಅವನ ಕೈಯಲ್ಲೂ ಬಿಸ್ಕತ್ತಿತ್ತು.

ಅಧ್ಯಕ್ಷರು ಎಲ್ಲರನ್ನೂ ಕೈ ಮುಗಿದು ಕೇಳಿಕೊಂಡರು. "ಇವತ್ತು ಇಲ್ಲಿ ಏನೂ ನಡೆದಿಲ್ಲ. ಯಾರು ಕೇಳಿದ್ರೂ ಇಷ್ಟೇ ಹೇಳಿ." ಮುನ್ನೂರು ಜನ ಒಕ್ಕೊರಲಿನಿಂದ ಒಪ್ಪಿ, ನಗುತ್ತ ಮನೆಗೆ ನಡೆದರು.

ಹೂಂರಾಯರು ಮನೆ ಸೇರಿದಾಗ ಹೆಂಡತಿ ಬ್ಯಾಗು ಬಿಚ್ಚದೆ ಸೋಫಾದಲ್ಲಿ ಕೂತಿದ್ದಳು. ಕಣ್ಣು ಒದ್ದೆಯಾಗಿತ್ತು.

"ರೀ, ಬಸ್ಸಿಳಿದ ಕೂಡ್ಲೇ ಪಾರ್ಕಿನ ಕಡೆಯಿಂದ ಒಬ್ಬರ ಭಾಷಣ ಕೇಳಿಸ್ತು. ಅಬ್ಬಾ, ಎಂಥಾ ಗಂಡುದನಿ! ಎರಡು ಬ್ಯಾಗು ಇಟ್ಕೊಂಡು ಹತ್ತು ನಿಮಿಷ ಅಲ್ಲೇ ನಿಂತುಬಿಟ್ಟೆ. ಅವರ ಹೆಂಡ್ತೀನೂ ನನ್ನ ಹಾಗೇ ಊರಿಗೆ ಹೋಗಿದ್ದಾಳಂತೆ. ಎಷ್ಟು ಹೊಗಳಿದ್ರು ಗೊತ್ತಾ? ಅವಳು ಪುಣ್ಯವಂತೆ ಕಣ್ರೀ!"

ಹೂಂರಾಯರ ಎದೆ ಉಬ್ಬಿತು. "ಆ ಪುಣ್ಯವಂತೆ ನೀನೇ ಕಣೇ. ಮಾತಾಡಿದ್ದು ನಾನು!"

ಅವಳು ಒಂದು ಕ್ಷಣ ಅವರನ್ನು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅವರ ಹೆಂಡ್ತಿ ಒಂದು ದಿನಾನೂ ದನಿ ಎತ್ತಿಲ್ವಂತೆ! ಅದು ನಾನಾ? ಗ್ಯಾಸ್ ಆಫ್ ಮಾಡಿದ್ರಾ ಅಂತ ನಿನ್ನೆ ಫೋನಲ್ಲಿ ಕೇಳಿದ್ದು ನಿಮ್ಮ ಅಂಗಡೀಲಿ ಇದ್ದೋರಿಗೆಲ್ಲ ಕೇಳಿಸ್ತಲ್ಲ!"

ಹೂಂರಾಯರು ಅವಳ ಕೈ ಹಿಡಿದುಕೊಂಡು ಹೊರಗೆ ಬಂದರು. ಕಾಂಪೌಂಡಿನಾಚೆ ತಮ್ಮ ಮನೆಯಂಗಳದಲ್ಲಿ ಅಧ್ಯಕ್ಷರು ಚಪ್ಪಲಿ ತೊಳೆಯುತ್ತಿದ್ದರು.

"ಮೇಷ್ಟ್ರೇ, ಇವತ್ತು ಭಾಷಣ ಮಾಡಿದ್ಯಾರು? ಹೇಳಿ ಇವಳಿಗೆ!"

"ಭಾಷಣವೇ? ಇವತ್ತು ಪಾರ್ಕಿನಲ್ಲಿ ಏನೂ ನಡೆದಿಲ್ಲವಲ್ಲ ತಾಯೀ," ಎಂದು ಅಧ್ಯಕ್ಷರು ಮಾತು ಉಳಿಸಿಕೊಂಡ ಹೆಮ್ಮೆಯಿಂದ ಹೂಂರಾಯರತ್ತ ಕಣ್ಣು ಮಿಟುಕಿಸಿ ಒಳಗೆ ಹೋದರು.

"ಹಾಗಾದ್ರೆ ರೇಡಿಯೋನೇ ಇರ್ಬೇಕು," ಎಂದಳು ಹೆಂಡತಿ.

ಇನ್ನು ಉಳಿದದ್ದು ಒಂದೇ ದಾರಿ. ಹೂಂರಾಯರು ಅವಳನ್ನು ಎದುರಿಗೆ ನಿಲ್ಲಿಸಿಕೊಂಡು, ಗಂಟಲು ಸರಿಮಾಡಿಕೊಂಡು ಭಾಷಣ ಶುರು ಮಾಡಿದರು. "ನಮ್ಮ... ನಮ್ಮ ಮ... ಮನೆ..." ಅವಳು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ನಾಲಿಗೆಗೆ ಮತ್ತೆ ಗಂಟು ಬಿತ್ತು.

ಅವಳಿಗೆ ಅಯ್ಯೋ ಅನ್ನಿಸಿತು. ಬೆನ್ನು ಸವರಿ, ಒಳಗೆ ಕರೆದುಕೊಂಡು ಹೋಗಿ ಕೂರಿಸಿ ನೀರು ಕೊಟ್ಟಳು.

"ಹೋಗ್ಲಿ ಬಿಡಿ ರೀ, ಮುಂದಿನ ಭಾನುವಾರ ನಿಮಗೆ ಬಂದಷ್ಟು ಮಾತಾಡಿ. ನಾನು ಮೊದಲ್ನೇ ಸಾಲಲ್ಲೇ ಕೂತಿರ್ತೀನಿ. ಆದ್ರೆ ಒಂದು ಹೇಳ್ತೀನಿ ಕೇಳಿ, ಆ ಮನುಷ್ಯರು ಹೇಳಿದ್ದನ್ನ ಮಾತ್ರ ಕದ್ದು ಹೇಳ್ಬೇಡಿ. ನಾನು ಪೂರ್ತಿ ಕೇಳಿದ್ದೀನಿ, ಸಿಕ್ಕಿಬೀಳ್ತೀರಿ!"