ಬಳೆಯಲ್ಲಿ ಬರೆದ ಹೆಸರು

ಹೆಂಡತಿಯ ಹೆಸರನ್ನು ಬಾಯಿ ಬಿಡದೆಯೇ ಹೇಳಿ ತೋರಿಸುತ್ತೇನೆಂದು ನಾನು ಪಣ ತೊಟ್ಟೆ. ಮದುವೆಯಾದಂದಿನಿಂದ ಅವಳನ್ನು ಕರೆದದ್ದೆಲ್ಲ "ಏ, ಕೇಳಿಲ್ಲೆ" ಎಂದೇ. ನಮ್ಮ ಮನೆತನದ ಗಂಡಸರು ಹೆಂಡತಿಯ ಹೆಸರು ಹಿಡಿದವರಲ್ಲ. ಈ ಸಲ ಮದುವೆಯ ವಾರ್ಷಿಕೋತ್ಸವಕ್ಕೆ ಏನು ಬೇಕೆಂದು ಕೇಳಿದರೆ, "ಸೀರಿ ಬ್ಯಾಡ, ಬಂಗಾರ ಬ್ಯಾಡ. ಒಮ್ಮೆ ಹೆಸರು ಹಿಡದು ಕರೀರಿ, ಸಾಕು" ಎಂದಳು. ಬಂಗಾರವೇ ಅಗ್ಗವಿತ್ತು!

ನಾನೇನು ಕಡಿಮೆಯವನೇ? ರಕ್ಷಣಾ ಕಾರ್ಖಾನೆಯ ಕಂಪ್ಯೂಟರ್ ವಿಭಾಗದವನು. ಕಂಪ್ಯೂಟರು ಎಲ್ಲವನ್ನೂ ಒಂದು, ಸೊನ್ನೆಗಳಲ್ಲೇ ಬರೆದುಕೊಳ್ಳುತ್ತದೆ. ಒಂದು ಇಂಗ್ಲಿಷ್ ಅಕ್ಷರಕ್ಕೆ ಎಂಟು ಅಂಕಿ. 'ಉಮಾ' ಎಂದರೆ ಇಂಗ್ಲಿಷಿನಲ್ಲಿ ಮೂರು ಅಕ್ಷರ, ಅಂದರೆ ಸರಿಯಾಗಿ ಎರಡು ಡಜನ್ ಬಳೆ! ನಾವಿರುವ ಮಲ್ಕಾಜ್‌ಗಿರಿಯಿಂದ ಅಷ್ಟು ದೂರದ ಬೇಗಂ ಬಜಾರಿಗೆ ಹೋಗಿ ಗಾಜಿನ ಬಳೆ ತಂದೆ. ಒಂದಕ್ಕೆ ಹಸಿರು, ಸೊನ್ನೆಗೆ ಕೆಂಪು. ಕ್ರಮ ತಪ್ಪದಂತೆ ದಾರಕ್ಕೆ ಪೋಣಿಸಿ, "ಇದರಾಗ ನಿನ್ನ ಹೆಸರು ಬರದೀನಿ" ಎಂದು ಆ ದಿನ ಬೆಳಿಗ್ಗೆ ಕೊಟ್ಟೆ. ಅವಳ ಮುಖ ಅರಳಿತು. ನಾನು ಮೀಸೆ ತಿರುವಿದೆ.

ಸಂಜೆ ಆಫೀಸಿನಿಂದ ಬಂದು ನೋಡಿದರೆ, ಪಕ್ಕದ ಮನೆಯ ಯಮುನಾಬಾಯಿ ಅವಳಿಗೆ ಬಳೆ ತೊಡಿಸಿ ಮುಗಿಸಿದ್ದರು. ಹಸಿರೆಲ್ಲ ನಡುವೆ, ಕೆಂಪೆಲ್ಲ ಅಂಚಿಗೆ.

"ಇದೇನ್ರಿ, ಸಾಲು ಕೆಡಿಸೀರಿ?"

"ಎಲ್ಲಿತ್ರಿ ಸಾಲು, ಅಮರೇಶಪ್ಪಾರ? ಅಡ್ಡಾದಿಡ್ಡಿ ಪೋಣಿಸಿದ್ರಿ. ನಾನ ಚಂದ ಮಾಡೀನಿ. ಎಡಗೈಗೆ ಒಂದ ಹೆಚ್ಚಿಗಿ ಇರಬೇಕಂತ ನಂದೊಂದು ಹಾಕೀನಿ."

"ತಗೀರಿ, ತಿರುಗಿ ಹಾಕೋಣು."

"ಮದವಿ ದಿನಾ ಕೈ ಬರಿದು ಮಾಡ್ತಾರೇನ್ರಿ?" ಎಂದು ಯಮುನಾಬಾಯಿ ನನ್ನನ್ನೇ ಗದರಿದರು.

ಹೆಂಡತಿ ಕೈ ಮುಂದೆ ಚಾಚಿದಳು. "ಹಂಗಾರ ಈಗ ಇದರಾಗ ಏನ ಬರದೈತ್ರಿ?"

ಎಣಿಸಿ ನೋಡಿದೆ. "ಏನೂ ಇಲ್ಲ."

"ಎರಡ ಅಕ್ಷರ ಅನ್ನಲಾರದಕ್ಕ ಎರಡ ಡಜನ್ ಬಳಿ ತಂದ್ರಿ" ಎಂದು ಒಳಗೆ ಹೋದಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಯಮುನಾಬಾಯಿ ಹೋದ ಮೇಲೆ ಬಾಗಿಲು ಹಾಕಿದೆ. ಗಂಟಲು ಸರಿಮಾಡಿಕೊಂಡೆ. ಮನೆದೇವರನ್ನು ನೆನೆದು ಕರೆದೇಬಿಟ್ಟೆ.

"ಉಮಾ..."

ಧೈರ್ಯ ಬಂದು ಇನ್ನೂ ಜೋರಾಗಿ "ಉಮಾ" ಎಂದೆ.

ಅಡುಗೆಮನೆಯಿಂದ ಧ್ವನಿ ಬಂತು: "ಯಾವ ಉಮಾ ಬಂದಾಳ್ರಿ? ಕೂಡ್ರಸ್ರಿ, ಚಾ ಇಡತೀನಿ."