ಚಾವಟಿಯ ಮೇಲೆ ಮಸಿಬಟ್ಟೆ

ನಮ್ಮ ಕಾಕಾ ನಿಮ್ಮನ್ನು ಮರ್ಯಾದೆ ಕೊಟ್ಟು ಮಾತಾಡಿಸಬೇಕೆಂದರೆ ನಿಮಗೆ ನಾಲ್ಕು ಕಾಲಿರಬೇಕು. ಬಾಲವೂ ಇದ್ದರೆ ಇನ್ನೂ ಒಳ್ಳೆಯದು!

ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಟಿ.ಬಿ. ಡ್ಯಾಂ ರಸ್ತೆಯಲ್ಲಿರುವ ನಮ್ಮ ಮನೆಗೆ ಒಮ್ಮೆ ಒಬ್ಬ ದೊಡ್ಡ ಎಂಜಿನಿಯರ್ ಬಂದಿದ್ದರು. ಗರಿಗರಿ ಇಸ್ತ್ರಿಯ ಪ್ಯಾಂಟು, ಜೇಬಿನಲ್ಲಿ ಎರಡು ಪೆನ್ನು. ಪಾಪ, ಹಿತ್ತಲ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. ಕಾಕಾ ಒಳಗಿನಿಂದಲೇ ಗದರಿದರು: “ಲೇ ತಮ್ಮಾ, ಆ ಕಡಿ ಸರಿಯಲೇ! ಅಮ್ಮಾರು ಬರಾಕತ್ಯಾರ, ಕಾಣಂಗಿಲ್ಲೇನು?” ಎಂಜಿನಿಯರ್ ಗಾಬರಿಯಿಂದ ಸರಿದು, ಮನೆಯ ಹಿರಿಯರು ಯಾರೋ ಬರುತ್ತಾರೆಂದು ಕೈ ಮುಗಿದುಕೊಂಡು ನಿಂತರು. ಬಂದದ್ದು ಕಂದು ಬಣ್ಣದ ಹೆಣ್ಣು ಕುದುರೆ. “ಬರ್ರಿ, ಬರ್ರಿ, ಮೆಟ್ಲ ನೋಡಿ ಕಾಲಿಡ್ರಿ” ಎಂದು ಕಾಕಾ ಆಕೆಯನ್ನು ಕರೆದುಕೊಂಡು ಹೋದರು. ಮುಗಿದ ಕೈಯನ್ನು ಎಲ್ಲಿಡಬೇಕೆಂದು ಆ ಎಂಜಿನಿಯರಿಗೆ ತುಂಬ ಹೊತ್ತು ತಿಳಿಯಲಿಲ್ಲ.

ಕಾಕಾ ಎಂದರೆ ನನ್ನ ಯಜಮಾನರ ಚಿಕ್ಕಪ್ಪ. ಹೊಸಪೇಟೆಯ ಸುತ್ತ ಎಲ್ಲಿ ಯಾವ ಕುದುರೆ ಹಟ ಹಿಡಿದರೂ, ಹೆದರಿದರೂ, ಒದ್ದರೂ ನಮ್ಮ ಹಿತ್ತಲಿಗೆ ಬರುತ್ತದೆ. ಅವರು ಅದನ್ನು ‘ಪಳಗಿಸುವುದು’ ಅನ್ನುವುದಿಲ್ಲ. “ಮಾತುಕತಿ ನಡದೈತಿ” ಅನ್ನುತ್ತಾರೆ. ಮನುಷ್ಯರೆಲ್ಲರಿಗೂ ಅವರ ಬಾಯಲ್ಲಿ ‘ಲೇ’. ಸೊಸೆಯಾದ ನನಗೆ ಮಾತ್ರ ರಿಯಾಯಿತಿ ಇದೆ, ‘ಅವ್ವಾ’ ಅನ್ನುತ್ತಾರೆ. ನಾನು ಅಷ್ಟಕ್ಕೇ ಖುಷಿ. ನಾಲ್ಕು ಕಾಲು ಎಲ್ಲಿಂದ ತರಲಿ?

ಕುದುರೆಗಳಿಗೆ ಹೆಸರಿಡುವ ಕೆಲಸ ನನ್ನದು. ಕಾನ್ವೆಂಟಿನಲ್ಲಿ ಓದಿದವಳು ನೋಡಿ, ಹಣೆಯ ಮೇಲೆ ಅಗಲವಾದ ಬಿಳಿಪಟ್ಟಿ ಇದ್ದ ಒಂದು ಕಪ್ಪು ಕುದುರೆಗೆ ‘ಸಿಸ್ಟರ್’ ಎಂದು ಹೆಸರಿಟ್ಟೆ. ನಮ್ಮ ಹೆಡ್‌ಮಿಸ್ಟ್ರೆಸ್ ಅವರದೂ ಥೇಟ್ ಅದೇ ಮುಖಭಾವ. ಈಗಲೂ ಸಿಸ್ಟರ್ ಮೂಗಿನಿಂದ ಒಮ್ಮೆ ಬುಸ್ ಅಂದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಉಗುರು ಕತ್ತರಿಸಿದ್ದೇನೆಯೇ ಎಂದು ನೋಡಿಕೊಳ್ಳುತ್ತೇನೆ.

ಇನ್ನು ಈ ಕುದುರೆಗಳ ಶಾಲೆ ಎಲ್ಲಿ ಅಂತೀರಿ? ನನ್ನ ಅಡುಗೆಮನೆ! ಮದುವೆ ಮೆರವಣಿಗೆಗೆ ಹೋಗುವ ಕುದುರೆ ಬ್ಯಾಂಡಿಗೆ, ಪಟಾಕಿಗೆ ಬೆದರಬಾರದಲ್ಲ? ಅದಕ್ಕೆ ಕಾಕಾ ಕಂಡುಕೊಂಡ ಉಪಾಯ ನನ್ನ ಕುಕ್ಕರ್ ಮತ್ತು ಮಿಕ್ಸಿ. ಹೊಸ ಕುದುರೆಯ ಮುಖವನ್ನು ಅಡುಗೆಮನೆಯ ಕಿಟಕಿಗೆ ತಂದು ನಿಲ್ಲಿಸಿ, “ಹಾಕವ್ವ ಮಿಕ್ಸಿ, ಸಾಹೇಬ್ರು ರೆಡಿ ಅದಾರ” ಅನ್ನುವರು. ಮಿಕ್ಸಿ ಹಾಕಬೇಕೆಂದರೆ ಒಳಗೆ ಏನಾದರೂ ಇರಬೇಕಲ್ಲ? ಒಂದು ಗಂಡು ಕುದುರೆಗೆ ಧೈರ್ಯ ಬರುವಷ್ಟರಲ್ಲಿ ನಾವು ಮನೆಮಂದಿ ಒಂಬತ್ತು ದಿನ ಶೇಂಗಾ ಚಟ್ನಿ ತಿಂದೆವು. ಕುಕ್ಕರಿನ ಪ್ರತಿ ಸೀಟಿಗೂ ಕುದುರೆಗೆ ಒಂದು ತುಂಡು ಬೆಲ್ಲ. ಬೆಲ್ಲ ಕೊಡುವವಳು ನಾನೇ.

ಆ ಒಂಬತ್ತು ದಿನದ ಸಾಹೇಬರು ಸಂಡೂರಿನ ಒಂದು ಮದುವೆಗೆ ಹೋದರು. ಬ್ಯಾಂಡು ಬಾರಿಸಿತು, ಸಾಹೇಬರು ಜಗ್ಗಲಿಲ್ಲ. ಪಟಾಕಿ ಸಿಡಿಯಿತು, ಕಿವಿ ಕೂಡ ಆಡಿಸಲಿಲ್ಲ. ಅದಿರಿನ ಲಾರಿಯೊಂದು ಪಕ್ಕದಲ್ಲೇ ಹಾರ್ನ್ ಹೊಡೆಯಿತು, ಊಹೂಂ! ಎಲ್ಲರೂ ಭಲೇ ಅನ್ನುವಷ್ಟರಲ್ಲಿ ಯಾವುದೋ ಓಣಿಯ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು ನೋಡಿ! ಸಾಹೇಬರು ಮದುಮಗನ ಸಮೇತ ಗರ್ರನೆ ಓಣಿಗೆ ತಿರುಗಿ, ಆ ಮನೆಯ ಅಡುಗೆ ಕಿಟಕಿಯಲ್ಲಿ ಮುಖ ತೂರಿಸಿ ನಿಂತರು. ಒಳಗಿದ್ದ ಹೆಂಗಸು ಕಿಟಾರನೆ ಕಿರುಚಿದಳಂತೆ. ಹಿಂದೆ ಓಡಿಬಂದ ಕುದುರೆಯಾಳು ಹೇಳಿಕೊಟ್ಟಂತೆ ಮದುಮಗ ಮೇಲಿಂದ ಬಾಸಿಂಗ ಸರಿಮಾಡಿಕೊಳ್ಳುತ್ತಾ, “ಅಕ್ಕಾರ, ಒಂದೀಟು ಬೆಲ್ಲ ಇದ್ರ ಕೊಡ್ರಿ, ಅಲ್ಲೀತನ ಇದು ಕದಲಂಗಿಲ್ಲಂತ” ಎಂದು ಬೇಡಿದನಂತೆ. ಸಂಡೂರಿನಲ್ಲಿ ಇಂದಿಗೂ ಆ ಮದುವೆಗೆ ಕುಕ್ಕರ್ ಮದುವೆ ಎಂದೇ ಹೆಸರು. ನನ್ನ ಅಡುಗೆಮನೆಯ ಕೀರ್ತಿ ಅಷ್ಟು ದೂರ ಹಬ್ಬಿದೆ!

ಇಂಥ ಕಾಕಾ ಮೇಲೆ ಸಿನಿಮಾ ಬಾರದೆ ಇರುತ್ತದೆಯೇ? ಬಂತು. ಹಂಪಿಯಲ್ಲಿ ರಾಜರ ಕಾಲದ ಚಿತ್ರವೊಂದರ ಶೂಟಿಂಗ್ ಇತ್ತು. ಕುದುರೆಗಳ ಉಸ್ತುವಾರಿ ಕಾಕಾದು. ಅದರ ನಿರ್ದೇಶಕರು ನಮ್ಮ ಮನೆಗೆ ಬಂದು, ಜೋಳದ ರೊಟ್ಟಿ ತಿಂದು, ಕಾಕಾ ಆಡಿದ್ದೆಲ್ಲ ಬರೆದುಕೊಂಡು ಹೋದರು. ಕೆಲವು ವರ್ಷಗಳ ಮೇಲೆ ಕುದುರೆ ಪಳಗಿಸುವವನ ಕಥೆಯೊಂದು ತೆರೆಗೆ ಬಂತು. ಕಾಕಾ ಅವರೇ ಸ್ಫೂರ್ತಿ ಎಂದು ಅದೇ ನಿರ್ದೇಶಕರು ಎಲ್ಲ ಕಡೆ ಹೇಳಿದರು. ನಾವು ಹನ್ನೊಂದು ಜನ ಮ್ಯಾಟಿನಿಗೆ ಹೋದೆವು.

ತೆರೆಯ ಮೇಲಿನ ಕಾಕಾಗೆ ಉಬ್ಬಿದ ತೋಳು, ಕೆಂಗಣ್ಣು. ನಮ್ಮ ಕಾಕಾ ನನ್ನ ಒಗ್ಗರಣೆಯ ಘಾಟಿಗೇ ಸೀನುವ ಬಡಕಲು ದೇಹದವರು. ಇರಲಿ, ಅದನ್ನೂ ಕ್ಷಮಿಸಿದರು. ಆದರೆ ಹೀರೋ ಎರಡಾಳು ಉದ್ದದ ಚಾವಟಿ ಬೀಸಿದ್ದೇ ತಡ, ಕಾಕಾ ಎದ್ದು ನಿಂತು, “ಲೇ, ಕೆಳಗ ಇಡಲೇ ಅದನ್ನ!” ಎಂದು ತೆರೆಗೇ ಕೂಗಿದರು. ಥಿಯೇಟರಿಗೆ ಥಿಯೇಟರೇ ಶಿಳ್ಳೆ ಹೊಡೆಯಿತು. ಅದೂ ಪ್ರಚಾರದ ಭಾಗ ಎಂದುಕೊಂಡರೋ ಏನೋ!

ಅಂದಿನಿಂದ ಚಾವಟಿ ಅವರ ಬೆನ್ನು ಬಿಡಲಿಲ್ಲ. ಬಸ್ಸಿನಲ್ಲಿ ಕೇಳುವರು, ಕಟಿಂಗ್ ಅಂಗಡಿಯಲ್ಲಿ ಕೇಳುವರು: “ಕಾಕಾ, ಚಾವಟಿ ಎಲ್ಲೈತ್ರಿ?” ಕಂಪ್ಲಿಯಲ್ಲಿ ಸನ್ಮಾನ ಮಾಡಿದವರು ಶಾಲು, ಹಣ್ಣಿನ ಬುಟ್ಟಿಯ ಜೊತೆ ಹಿತ್ತಾಳೆ ಹಿಡಿಯ ಚಾವಟಿಯೊಂದನ್ನೂ ಕೊಟ್ಟರು. ಕಾಕಾ ಶಾಲನ್ನು ಸಿಸ್ಟರಿಗೆ ಹೊದಿಸಿದರು. ಹಣ್ಣು ಸಾಹೇಬರ ಹೊಟ್ಟೆ ಸೇರಿತು. ಚಾವಟಿಯನ್ನು ಹಿತ್ತಲಿನ ಎರಡು ಕಂಬಗಳ ನಡುವೆ ಬಿಗಿಯಾಗಿ ಕಟ್ಟಿ, “ತಗೋವ್ವ, ಮಸಿಬಟ್ಟಿ ಒಣಹಾಕಾಕ” ಅಂದರು. ಭಾಳ ಗಟ್ಟಿ ಹಗ್ಗ, ಸುಳ್ಳು ಹೇಳಬಾರದು.

ಆದರೆ ಆ ದಿನ ಊಟಕ್ಕೆ ಕೂತವರು ಅರ್ಧ ರೊಟ್ಟಿ ಮುರಿದು ಕೆಳಗಿಟ್ಟರು. “ನಾ ಸತ್ತ ಮ್ಯಾಲೂ ಜನ ಆ ಸಿನಿಮಾ ನೋಡ್ತಾರಲ್ಲವ್ವ. ಆ ಚಾವಟಿ ನನ್ನ ಕೈಯಾಗೇ ಉಳೀತೈತಿ” ಅಂದರು. ನಗಿಸಲು ಏನಾದರೂ ಹೇಳೋಣವೆಂದುಕೊಂಡೆ. ಕೊನೆಗೆ ಅವರ ತಟ್ಟೆಗೊಂದು ತುಂಡು ಬೆಲ್ಲ ಹಾಕಿದೆ.

ಹೀಗಿರುವಾಗ ಸಾಕ್ಷ್ಯಚಿತ್ರ ಮಾಡುವೆನೆಂದು ಒಬ್ಬ ಹುಡುಗಿ ಮೈಸೂರಿನಿಂದ ಬಂದಳು. ಆ ಸಿನಿಮಾದ ಹಿಂದಿನ ನಿಜವಾದ ಮನುಷ್ಯನನ್ನು ತೋರಿಸುವ ಆಸೆ ಅವಳದು. ಕಾಕಾ ಒಂದೇ ಕರಾರು ಹಾಕಿದರು: ಚಾವಟಿ ಇರಬಾರದು. “ಖಂಡಿತ ಸರ್” ಅಂದಳು. ಎರಡು ದಿನ ಎಲ್ಲ ಸುಸೂತ್ರ. ಮೂರನೆಯ ದಿನ ಹಿತ್ತಲಿಗೆ ಬಂದವಳು ನನ್ನ ಮಸಿಬಟ್ಟೆಗಳನ್ನು ಸರಿಸಿ ನೋಡಿ, ಸಂಭ್ರಮದಿಂದ ಕೂಗಿದಳು:

“ಸರ್! ಚಾವಟಿ ಇಟ್ಟುಕೊಂಡಿದ್ದೀರಲ್ಲ! ಹೊಡೆಯುವುದು ಬೇಡ, ಸುಮ್ಮನೆ ಕೈಯಲ್ಲಿ ಹಿಡಿದು ನಿಲ್ಲಿ. ಒಂದೇ ಒಂದು ಶಾಟ್.”

“ಲೇ ತಂಗಿ, ಕ್ಯಾಮೆರಾ ಕಟ್ಟು. ಊಟ ಮಾಡಿ ಹೊಂಡು” ಎಂದು ಕಾಕಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹುಡುಗಿಯ ಕಣ್ಣು ತುಂಬಿತು. ನನಗೆ ಇಬ್ಬರ ಮೇಲೂ ಮರುಕ. ಈ ಚಿತ್ರ ನಿಂತರೆ ಕಾಕಾ ಕೈಯಲ್ಲಿ ಆ ಸಿನಿಮಾದ ಚಾವಟಿ ಶಾಶ್ವತ! ಅವಳಿಗೆ ಮಜ್ಜಿಗೆ ಕೊಟ್ಟು, “ನಾಳೆ ಕಂಪ್ಲಿಗೆ ಬಾಮ್ಮ. ಅಲ್ಲೊಂದು ಹೊಸ ಕುದುರೆ ಇದೆ. ಏನೂ ಹೇಳಿಸಬೇಡ, ಏನೂ ಮಾಡಿಸಬೇಡ, ಸುಮ್ಮನೆ ನೋಡು” ಅಂದೆ. ಆಮೇಲೆ ಮುಚ್ಚಿದ ಬಾಗಿಲಿಗೆ ಹೇಳಿದೆ: “ಕಾಕಾ, ಹುಡುಗಿ ಬೆದರ್ಯಾಳ್ರೀ.” ಒಳಗೆ ಚಿಲಕ ಸರಿಯಿತು. ಆಮೇಲೆ, “ನಾಳಿ ಜಲ್ದಿ ಬರಾಕ ಹೇಳು” ಎಂಬ ದನಿ ಬಂತು.

ಕಂಪ್ಲಿಯ ಕಾಲುವೆ ಪಕ್ಕದ ಗದ್ದೆಬಯಲಿನಲ್ಲಿತ್ತು ಆ ಕುದುರೆ. ಯಾರೋ ಸಿಕ್ಕಾಪಟ್ಟೆ ಹೊಡೆದಿದ್ದರು. ಮನುಷ್ಯರ ನೆರಳು ಕಂಡರೆ ಬೇಲಿಯ ಆ ತುದಿಗೆ ಓಡುತ್ತಿತ್ತು. ಕಾಕಾ ಬಯಲಿನ ನಡುವೆ ಹೋಗಿ, ಅದಕ್ಕೆ ಬೆನ್ನು ತಿರುಗಿಸಿ ನೆಲದ ಮೇಲೆ ಕೂತರು. “ಅವಸರ ಇಲ್ಲ. ಹೊತ್ತು ತಗೋರಿ” ಅಂದರು. ಅಷ್ಟೇ! ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ಕ್ಯಾಮೆರಾದವನು ಆಕಳಿಸಿದ. ಹುಡುಗಿ ನನ್ನ ಕಿವಿಯಲ್ಲಿ, “ಆಂಟಿ, ಸರ್ ನಿದ್ದೆ ಮಾಡುತ್ತಿದ್ದಾರಾ?” ಅಂದಳು. ಅಷ್ಟರಲ್ಲಿ ಕುದುರೆ ಒಂದು ಹೆಜ್ಜೆ ಇಟ್ಟಿತು. ನಿಂತಿತು. ಮತ್ತೊಂದು ಇಟ್ಟಿತು. ಕೊನೆಗೆ ಬಂದು ಕಾಕಾ ಹೆಗಲ ಮೇಲೆ ಗಲ್ಲವೂರಿ ಒಂದು ನಿಟ್ಟುಸಿರು ಬಿಟ್ಟಿತು. ಕಾಕಾ ಆಗಲೂ ತಿರುಗಲಿಲ್ಲ. ಹುಡುಗಿ ಮತ್ತೆಂದೂ ಚಾವಟಿ ಹಿಡಿಯಿರಿ ಅನ್ನಲಿಲ್ಲ. ನಾನು ಊಟದ ಡಬ್ಬಿ ತೊಳೆಯಲು ಕಾಲುವೆಗೆ ಇಳಿದಾಗ ಅವಳು ಕಾಕಾ ಪಕ್ಕದಲ್ಲಿ ಕೂತು ಏನೋ ಕೇಳುತ್ತಿದ್ದಳು. ಏನೆಂದು ನನಗೆ ಕೇಳಿಸಲಿಲ್ಲ.

ಕೇಳಿಸಿದ್ದು ಆರು ತಿಂಗಳ ಮೇಲೆ. ಭಾನುವಾರ ಬೆಳಿಗ್ಗೆ ಹೊಸಪೇಟೆಯ ಒಂದು ಸಣ್ಣ ಸಭಾಂಗಣದಲ್ಲಿ ಚಿತ್ರ ತೋರಿಸಿದರು. ಪ್ಲಾಸ್ಟಿಕ್ ಕುರ್ಚಿಗಳು, ಮುಂದಿನ ಸಾಲಿನಲ್ಲಿ ನಾವು. ಕಾಕಾ ಬಿಳಿ ಜುಬ್ಬಾ ತೊಟ್ಟು ನನ್ನ ಪಕ್ಕದಲ್ಲೇ ಕೂತಿದ್ದರು. ನಮ್ಮ ಹಿತ್ತಲು, ನನ್ನ ಕುಕ್ಕರ್, ಸಿಸ್ಟರ್ ಎಲ್ಲ ತೆರೆಯ ಮೇಲೆ! ನಾನು ಹೆಮ್ಮೆಯಿಂದ ಸುತ್ತ ನೋಡುತ್ತಿದ್ದೆ. ಆಗ ತೆರೆಯ ಮೇಲಿನ ಹುಡುಗಿ ಕೇಳಿದಳು: “ಚಾವಟಿ ಕಂಡರೆ ನಿಮಗೆ ಯಾಕೆ ಅಷ್ಟು ಸಿಟ್ಟು, ಸರ್?”

“ಯಾಕಂದ್ರ ಆ ಸಿನಿಮಾದವ್ರು ಪೂರ್ತಿ ಸುಳ್ಳು ಹೇಳಿಲ್ಲ, ತಂಗಿ. ವಯಸ್ಸಿನಾಗ ನನ್ನ ಕೈಯಾಗೂ ಒಂದಿತ್ತು” ಅಂದರು ತೆರೆಯ ಮೇಲಿನ ಕಾಕಾ. “ಆವಾಗ ನಮ್ಮ ಮನಿಗೆ ಹೊಸ ಸೊಸಿ ಬಂದ್ಳು. ಕಾನ್ವೆಂಟ್ ಹುಡುಗಿ. ಪುಸ್ತಕದಾಗ ಬರದಂಗ ಮಾತಾಡ್ತಾಳಂತ ಎಲ್ಲಾರೂ ನಕ್ರು. ಹುಡುಗಿ ಮಾತೇ ಬಿಟ್ಳು. ಒಂದಿನ ನಾ ಹಿತ್ತಲದಾಗ ಚಾವಟಿ ಹೊಡದೆ. ಒಳಗ ಅಕಿ ಕೈಯಾಗಿನ ತಟ್ಟಿ ಬಿತ್ತು. ಕುದ್ರಿ ನೋಡಿದೆ, ಅಕಿ ಮಕ ನೋಡಿದೆ. ಇಬ್ರ ಕಣ್ಣೂ ಒಂದೇ ಥರ ಇದ್ವು. ಅವತ್ತೇ ಅದನ್ನ ಒಲಿಗೆ ಹಾಕಿದೆ. ಮರುದಿನದಿಂದ ಅಡಗಿಮನಿ ಬಾಗಲಾಗ ಬೆನ್ನು ಹಾಕಿ ಕುಂತು ಬಳ್ಳೊಳ್ಳಿ ಸುಲದೆ. ನೋಡ್ಲಿಲ್ಲ, ಮಾತಾಡ್ಸಲಿಲ್ಲ. ಹನ್ನೆರಡನೇ ದಿನ ಹಿಂದಿನಿಂದ ಸಣ್ಣ ದನಿ ಬಂತು, ‘ಕಾಕಾ, ಚಹಾ ಕೊಡ್ಲೇನ್ರೀ?’ ಅಂತ. ಆಮ್ಯಾಲ ಕುದ್ರಿಗೂ ಹಂಗೇ ಕುಂದ್ರಾಕತ್ತಿದೆ. ನನ್ನ ಗುರು ಅಂದ್ರ ಅಕೀನ.”

ಇಷ್ಟು ವರ್ಷ ನಾನು, ನಮ್ಮ ಕಾಕಾಗೆ ಬೆಳ್ಳುಳ್ಳಿ ಎಂದರೆ ಪ್ರಾಣ ಎಂದೇ ತಿಳಿದಿದ್ದೆ!

ಸೆರಗು ಬಾಯಿಗೆ ಹೋಯಿತು. ಮುಂದಿನ ಸಾಲು ಬೇರೆ, ಊರೆಲ್ಲ ನೋಡುತ್ತಿದೆ. ಪಕ್ಕದಲ್ಲಿ ಕುರ್ಚಿ ಕರಕರ ಸದ್ದು ಮಾಡಿತು. ಕಾಕಾ ತಮ್ಮ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ, ನನಗೆ ಬೆನ್ನು ಹಾಕಿ ಕೂತಿದ್ದರು.

ಹಿಂದಿನಿಂದ ಯಾರೋ, “ಕಾಕಾ, ಪರದಿ ಈ ಕಡಿ ಐತ್ರೀ!” ಅಂದರು.

“ಸುಮ್ನ ಕುಂದರಲೇ!” ಎಂದು ಗದರಿದ ಕಾಕಾ, ಗೋಡೆಯನ್ನೇ ನೋಡುತ್ತಾ ದನಿ ತಗ್ಗಿಸಿ ಹೇಳಿದರು:

“ಅವಸರ ಇಲ್ಲವ್ವ. ಹೊತ್ತು ತಗೋರಿ.”