ಯಾರ ಎರಡೂಕಾಲು ಗಂಟೆ?

ಸಿಟ್ಟು ಮಾಡಿಕೊಳ್ಳುವ ವಿಷಯದಲ್ಲಿ ನಾನು ಧಾರಾಳಿ. ಬೇರೆಯವರು ಮನುಷ್ಯರ ಮೇಲೆ ಸಿಟ್ಟಾಗುತ್ತಾರೆ, ಎರಡು ದಿನ ಮಾತು ಬಿಡುತ್ತಾರೆ, ಮೂರನೆಯ ದಿನ ಒಂದು ಲೋಟ ಕಾಫಿಗೆ ರಾಜಿಯಾಗುತ್ತಾರೆ. ನಾನು ಒಂದೂವರೆ ತಿಂಗಳಿಂದ ಸಿಟ್ಟಾಗಿರುವುದು ಒಂದು ಹಲಗೆಯ ಮೇಲೆ. ಹಳದಿ ಬಣ್ಣದ, ಮೊಳದುದ್ದದ, ಒಂದು ತುದಿ ಚೂಪಾಗಿರುವ ತಗಡಿನ ಹಲಗೆ. ಅದು ನಿಂತಿರುವುದು ಆಸ್ಟ್ರಿಯಾದ ಒಂದು ಕಣಿವೆಯ ಮೇಲೆ, ನಾನು ಕೂತಿರುವುದು ಅರಬ್ ನಾಡಿನ ದಮ್ಮಾಮಿನಲ್ಲಿ. ನಡುವೆ ಇಷ್ಟೊಂದು ದೇಶ, ಸಮುದ್ರಗಳಿದ್ದರೂ ನನ್ನ ಸಿಟ್ಟು ಒಂದು ತೊಲವೂ ಕಡಿಮೆಯಾಗಿಲ್ಲ. ರಾತ್ರಿ ಊಟಕ್ಕೆ ಕೂತಾಗ ಸುಮ್ಮನೆ "ಮೋಸ" ಎಂದುಬಿಡುತ್ತೇನೆ. ಹೆಂಡತಿ ಸುಮನಾ ಸಾರು ಬಡಿಸುತ್ತಾ, "ಮತ್ತೆ ಹಲಗೇನಾ?" ಎನ್ನುತ್ತಾಳೆ.

ಕಥೆ ಶುರುವಾದದ್ದು ಮಗಳಿಂದ. ಅಪೂರ್ವ ಹುಟ್ಟಿ ಬೆಳೆದದ್ದೆಲ್ಲ ದಮ್ಮಾಮಿನಲ್ಲೇ. ದಮ್ಮಾಮ್ ದೋಸೆಯ ಕಾವಲಿಯಷ್ಟು ಚಪ್ಪಟೆ, ಬೇಸಿಗೆಯಲ್ಲಿ ಅಷ್ಟೇ ಬಿಸಿ. ಇಲ್ಲಿ ಏರು ಎಂದು ಏನಾದರೂ ಇದ್ದರೆ ಅದು ಮಾಲ್‌ಗಳ ಪಾರ್ಕಿಂಗ್ ಒಳಗೆ. ಆದರೂ ಹುಡುಗಿ ಚಿಕ್ಕಂದಿನಿಂದ ಚಿತ್ರ ಬರೆಯಲು ಕೊಟ್ಟರೆ ತಲೆಯ ಮೇಲೆ ಹಿಮ ಹೊತ್ತ ತ್ರಿಕೋನಗಳನ್ನೇ ಬರೆಯುತ್ತಿದ್ದಳು. ಈ ವರ್ಷ ಇಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ ಹನ್ನೆರಡನೆಯ ತರಗತಿ ಮುಗಿಯಿತು. ಅದಾದ ಮೇಲೆ ನಮ್ಮ ಮಕ್ಕಳೆಲ್ಲ ಊರಿನ ಕಾಲೇಜುಗಳಿಗೆ ಹೊರಡುತ್ತವೆ. ಇವಳಿಗೆ ಮೈಸೂರಿನಲ್ಲಿ ಸೀಟು, ಹಾಸ್ಟೆಲು. ಹೋಗುವ ಮುಂಚೆ ಏನು ಬೇಕು ಕೇಳು ಎಂದೆ. ಹೊಸ ಫೋನ್ ಕೇಳುತ್ತಾಳೆಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. "ಅಪ್ಪ, ಒಂದು ರಿಯಲ್ ಪೀಕ್. ತುದಿ ತನಕ. ನಾನು, ನೀನು," ಎಂದಳು.

ನಾನು ದಾವಣಗೆರೆಯವನು. ನಾನು ಬೆಳೆದ ಬೀದಿಯಿಂದ ಕಾಣುತ್ತಿದ್ದ ಅತಿ ಎತ್ತರದ ಜಾಗವೆಂದರೆ ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆ. ಆದರೆ ಮಗಳು ಹಾಗೆ ಕೇಳಿದಾಗ ಇಲ್ಲವೆನ್ನುವ ಅಪ್ಪ ಯಾರು? ಎರಡು ತಿಂಗಳು ಬೆನ್ನಿಗೆ ಐದು ಕೆಜಿ ಅಕ್ಕಿಯ ಚೀಲ ಕಟ್ಟಿಕೊಂಡು ನಮ್ಮ ಕಟ್ಟಡದ ನಾಲ್ಕು ಮಹಡಿ ಹತ್ತಿ ಇಳಿದೆ. ಲಿಫ್ಟ್ ಇರುವ ಕಟ್ಟಡದಲ್ಲಿ ಮೆಟ್ಟಿಲ ಮೇಲೆ ಚೀಲ ಹೊತ್ತು ಬೆವರುವವನು ಯಾರೆಂದು ಅಕ್ಕಪಕ್ಕದವರು ತಾವೇ ತೀರ್ಮಾನಿಸಿಕೊಂಡರು. ಮೂರನೆಯ ಮಹಡಿಯ ಅಮ್ಮ ಒಂದು ಸಂಜೆ ಬಾಗಿಲು ತೆರೆದು, ಖಾಲಿ ನೀರಿನ ಕ್ಯಾನ್ ನನ್ನ ಕೈಗಿತ್ತು, ತುಂಬಿದ್ದು ಯಾಕೆ ಇನ್ನೂ ಬಂದಿಲ್ಲವೆಂದು ಗದರಿಸಿದರು. ಕ್ಯಾನನ್ನು ಮರ್ಯಾದೆಯಾಗಿ ಕೆಳಗೆ ಇಟ್ಟು ಬಂದೆ. ಅದನ್ನೂ ತರಬೇತಿಯ ಲೆಕ್ಕಕ್ಕೆ ಹಾಕಿಕೊಂಡೆ.

ಕಣಿವೆಯನ್ನು ಆರಿಸಿಕೊಟ್ಟವರು ನಮ್ಮ ಮ್ಯಾನೇಜರು ಅಬು ಫಹದ್. ಅವರು ಪ್ರತಿ ಬೇಸಿಗೆ ಕುಟುಂಬ ಸಮೇತ ಅಲ್ಲಿಗೆ ಹೋಗಿ, ಸರೋವರದ ದಂಡೆಯಲ್ಲಿ ಕುರ್ಚಿ ಹಾಕಿ, ಮೂರು ವಾರ ಬೆಟ್ಟ ನೋಡಿಕೊಂಡು ಬರುತ್ತಾರೆ. ನಾನು ಹತ್ತುತ್ತೇನೆ ಎಂದಾಗ ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಯಾಕೆ? ಕೆಳಗಿನಿಂದ ಚೆನ್ನಾಗಿಯೇ ಕಾಣುತ್ತದಲ್ಲ," ಎಂದರು. ಇಷ್ಟು ವರ್ಷದಲ್ಲಿ ಅವರು ಹೇಳಿದ ಮಾತುಗಳಲ್ಲಿ ಇದೊಂದನ್ನು ನಾನು ಬರೆದಿಟ್ಟುಕೊಳ್ಳಬೇಕಿತ್ತು.

ಈಗ ಹಲಗೆಗೆ ಬರುತ್ತೇನೆ. ಕಣಿವೆಯಿಂದ ಅರ್ಧ ಬೆಟ್ಟದವರೆಗೆ ಕೇಬಲ್ ಕಾರ್ ಇದೆ. ಅಲ್ಲಿ ಇಳಿದ ಕೂಡಲೇ ಕಂಬ, ಕಂಬಕ್ಕೆ ಹಲಗೆ. ಹತ್ತುವ ಹಿಂದಿನ ಸಂಜೆಯೇ ಹೋಗಿ ಅದನ್ನು ಓದಿಕೊಂಡು ಬಂದಿದ್ದೆ. ಹಲಗೆಯ ಮೇಲೆ ಶಿಖರದ ಹೆಸರು, ಪಕ್ಕದಲ್ಲಿ: ಎರಡು ಗಂಟೆ ಹದಿನೈದು ನಿಮಿಷ. ಎಷ್ಟು ಕಿಲೋಮೀಟರ್ ಎಂದು ಇಲ್ಲ. ಆ ದೇಶದಲ್ಲಿ ಬೆಟ್ಟವನ್ನು ಗಂಟೆಯಲ್ಲಿ ಅಳೆಯುತ್ತಾರೆ. ಗಂಟೆ, ನಿಮಿಷಗಳ ಸುಳ್ಳು ನನಗೆ ಹೊಸದೇನೂ ಅಲ್ಲ. ದಮ್ಮಾಮಿನ ನಮ್ಮ ಕನ್ನಡದ ಗೆಳೆಯರು "ಹತ್ತು ನಿಮಿಷದಲ್ಲಿ ಬಂದೆ" ಎಂದು ಹೇಳುವುದು ಬಚ್ಚಲುಮನೆಯ ಒಳಗಿನಿಂದ. ಅಬು ಫಹದ್ ಅವರ "ಐದು ನಿಮಿಷ" ಎಂದರೆ ಮಧ್ಯಾಹ್ನದ ನಮಾಜಿನ ನಂತರ. ಇವನ್ನೆಲ್ಲ ನಾವು ನಂಬುವುದಿಲ್ಲ, ಆದ್ದರಿಂದ ಮೋಸವೂ ಹೋಗುವುದಿಲ್ಲ. ಆದರೆ ಯುರೋಪಿನವರು ಕಪ್ಪಕ್ಷರದಲ್ಲಿ, ಅದೂ ಹದಿನೈದು ನಿಮಿಷವನ್ನೂ ಬಿಡದೆ ಬರೆದಿದ್ದಾರೆಂದರೆ ನಂಬದೆ ಇರುವುದು ಹೇಗೆ? ಹನ್ನೊಂದಕ್ಕೆ ಹೊರಡುವುದು, ಒಂದೂಕಾಲಿಗೆ ಶಿಖರ, ಅರ್ಧ ಗಂಟೆ ಚಪಾತಿ ಚಟ್ನಿಪುಡಿ, ನಾಲ್ಕಕ್ಕೆ ವಾಪಸ್. ಕೊನೆಯ ಕೇಬಲ್ ಕಾರ್ ಐದಕ್ಕೆ. ಒಂದು ಗಂಟೆ ಕೈಯಲ್ಲಿ. ಮರುದಿನ ಬೆಳಿಗ್ಗೆಯೇ ನಮ್ಮ ವಿಮಾನ, ಆದ್ದರಿಂದ ಇರುವುದು ಇದೊಂದೇ ದಿನ.

ಸುಮನಾ ಮೈಸೂರಿನವಳು, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಎಷ್ಟೋ ಸಲ ಹತ್ತಿದವಳು. ಅಂಥವಳು ಕೇಬಲ್ ಕಾರ್ ನಿಲ್ದಾಣದ ಹೋಟೆಲಿನಲ್ಲಿ ಕುರ್ಚಿ ಎಳೆದುಕೊಂಡು ಕೂತಳು. "ರೀ, ಎರಡೂಕಾಲು ಗಂಟೆ ಸರಿ. ಅದು ಯಾರ ಎರಡೂಕಾಲು ಗಂಟೆ ಅಂತ ಕೇಳಿದ್ರಾ?" ಎಂದಳು. ನನಗೆ ಅದು ಅಪಶಕುನದ ಮಾತಾಗಿ ಕೇಳಿಸಿತು.

ನಲವತ್ತು ನಿಮಿಷ ಹತ್ತಿದ ಮೇಲೆ ಎರಡನೆಯ ಹಲಗೆ ಸಿಕ್ಕಿತು. ಶಿಖರಕ್ಕೆ ಒಂದು ಗಂಟೆ ಐವತ್ತು ನಿಮಿಷ ಎಂದಿತು. ಅಂದರೆ ನನ್ನ ನಲವತ್ತು ನಿಮಿಷಕ್ಕೆ ಅವರು ಕೊಟ್ಟ ಬೆಲೆ ಇಪ್ಪತ್ತೈದು. ನನಗೆ ಅಲ್ಲಿಯೇ ಪಿತ್ತ ನೆತ್ತಿಗೇರಿತು. ಸಿಟ್ಟಿಗೆ ಉಸಿರು ಬೇಕಾಗುತ್ತದೆ ಎಂದು ತಿಳಿದದ್ದೂ ಅಲ್ಲಿಯೇ, ಯಾಕೆಂದರೆ ಬೈಯಲು ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಎರಡು ಕೋಲು ಊರಿಕೊಂಡು ನಮ್ಮನ್ನು ದಾಟಿ ಹೋದರು. ಹೋಗುವಾಗ ನಕ್ಕು ನಮಸ್ಕಾರವನ್ನೂ ಹೇಳಿದರು. ಅಷ್ಟು ಉಸಿರನ್ನು ಅವರು ಎಲ್ಲಿಂದ ತಂದರೋ. ಆ ಹಲಗೆ ಬರೆದದ್ದು ಆ ಅಜ್ಜಿಯ ಮನೆಯವರೇ ಇರಬೇಕೆಂದು ನನಗೆ ಈಗಲೂ ಅನುಮಾನ.

ಮೂರನೆಯ ಹಲಗೆಯ ಹತ್ತಿರ ತಲುಪಿದಾಗ ಒಂದೂಮುಕ್ಕಾಲು. ಶಿಖರಕ್ಕೆ ನಲವತ್ತೈದು ನಿಮಿಷ ಎಂದು ಬರೆದಿತ್ತು. ಶಿಖರ ಕಣ್ಣೆದುರೇ ಇತ್ತು. ಅದರ ತುದಿಯಲ್ಲಿ ನೆಟ್ಟ ಮರದ ಶಿಲುಬೆ, ಅದರ ಬುಡದಲ್ಲಿ ಕೂತು ಏನೋ ತಿನ್ನುತ್ತಿದ್ದ ಜನ, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಅಷ್ಟರಲ್ಲಿ ಅಜ್ಜಿ ಇಳಿದು ಬಂದರು, ಮತ್ತೊಮ್ಮೆ ನಮಸ್ಕಾರ ಹೇಳಿದರು. ಲೆಕ್ಕವನ್ನು ನನಗಿಂತ ಮೊದಲು ಮಾಡಿದವಳು ಅಪೂರ್ವ. "ಅಪ್ಪ, ನಿನ್ನ ಸ್ಪೀಡಲ್ಲಿ ಮೇಲೆ ಹೋದ್ರೆ ಮೂರು ದಾಟುತ್ತೆ. ಲಾಸ್ಟ್ ಕಾರ್ ಸಿಗಲ್ಲ."

"ನೀನು ಹೋಗಿ ಬಾ. ನಾನು ಇಲ್ಲೇ ಕೂತಿರ್ತೀನಿ," ಎಂದೆ.

"ಒಬ್ಬಳೇ ಹೋಗೋದಕ್ಕೆ ನಾನು ಕೇಳಿದ್ದಾ?" ಎಂದು ಅವಳು ಅಲ್ಲಿಯೇ ಕಲ್ಲಿನ ಮೇಲೆ ಕೂತು ಚಪಾತಿಯ ಡಬ್ಬಿ ಬಿಚ್ಚಿದಳು. ಒಂದು ಸಲವೂ ಮೇಲೆ ನೋಡಲಿಲ್ಲ. ಇಳಿಯುವಾಗ ನನ್ನ ಚೀಲವನ್ನೂ ಅವಳೇ ಹೊತ್ತಳು. ನಾನು ಬೇಡವೆಂದೆ, ಆದರೆ ಜೋರಾಗಿ ಬೇಡವೆನ್ನಲಿಲ್ಲ. ಸೋತದ್ದಕ್ಕಿಂತ ಅದು ಹೆಚ್ಚು ನೋಯಿಸಿತು. ಈಗ ಅವಳು ಮೈಸೂರಿನಲ್ಲಿದ್ದಾಳೆ. ಹಾಸ್ಟೆಲಿನ ಗೋಡೆಗೆ ಆ ಪ್ರವಾಸದ ಒಂದು ಫೋಟೋ ಅಂಟಿಸಿದ್ದಾಳಂತೆ, ಸರೋವರದ್ದು, ಬೆಟ್ಟದ್ದಲ್ಲ.

ಈಗ ಹೇಳಿ, ನನ್ನ ಸಿಟ್ಟು ಅನ್ಯಾಯದ್ದೇ? ಹಲಗೆ ನಾಲ್ಕು ಗಂಟೆ ಎಂದು ನಿಜ ಹೇಳಿದ್ದರೆ ನಾನು ಏಳಕ್ಕೇ ಎದ್ದು ಹೊರಡುತ್ತಿದ್ದೆ. ಇಷ್ಟಾದರೂ ಸುಮ್ಮನಿರುವ ಜಾತಿ ನನ್ನದಲ್ಲ. ಆ ಕಣಿವೆಯ ಪ್ರವಾಸಿ ಕಚೇರಿಗೆ ಇಂಗ್ಲಿಷಿನಲ್ಲಿ ಎರಡು ಪುಟದ ಪತ್ರ ಬರೆದೆ. ಸದರಿ ಅವಧಿಯನ್ನು ನಿಗದಿ ಮಾಡಿದವರ ವಯಸ್ಸೆಷ್ಟು, ತೂಕವೆಷ್ಟು? ಬೆನ್ನ ಮೇಲೆ ಏನು ಹೊತ್ತಿದ್ದರು? ಸ್ವತಃ ಎಷ್ಟು ಸಲ ಹತ್ತಿದ್ದಾರೆ, ಅಥವಾ ಕುರ್ಚಿಯಲ್ಲಿ ಕೂತು ಬರೆದರೋ? ಬರೆದು ಮುಗಿಸಿದಾಗ ನನ್ನ ಬಗ್ಗೆ ನನಗೇ ಗೌರವ ಹುಟ್ಟಿತು. ಇಂಥದ್ದನ್ನು ಯಾರಿಗಾದರೂ ಓದಿ ಹೇಳದಿದ್ದರೆ ಊಟ ಸೇರುವುದಿಲ್ಲ. ಭಾನುವಾರ, ಇಲ್ಲಿಯ ವಾರದ ಮೊದಲ ಕೆಲಸದ ದಿನ, ಆಫೀಸಿಗೆ ಇಸ್ಮಾಯಿಲ್ ಬಂದಾಗ ಹಿಡಿದು ಕೂರಿಸಿದೆ.

ಇಸ್ಮಾಯಿಲ್ ಮಂಗಳೂರಿನ ಕಡೆಯವರು, ನಮ್ಮ ಕಂಪನಿಯ ಸ್ಕ್ಯಾಫೋಲ್ಡಿಂಗ್ ಫೋರ್‌ಮನ್. ಎಣ್ಣೆ ಟ್ಯಾಂಕುಗಳ ಸುತ್ತ ಪೈಪು, ಹಲಗೆ ಕಟ್ಟಿ ಕೆಲಸದವರು ಹತ್ತಲು ಅಟ್ಟಣಿಗೆ ಮಾಡಿಕೊಡುವುದು ಅವರ ತಂಡದ ಕೆಲಸ. ನನ್ನ ಕೆಲಸ ಏನೆಂದು ಇಲ್ಲಿಯವರೆಗೆ ನಾನು ಹೇಳಿಲ್ಲ. ಮರೆತದ್ದಲ್ಲ. ನಾನು ಪ್ಲಾನಿಂಗ್ ಎಂಜಿನಿಯರ್. ಯಾವ ಕೆಲಸಕ್ಕೆ ಎಷ್ಟು ದಿನ, ಎಷ್ಟು ಗಂಟೆ ಎಂದು ಶೆಡ್ಯೂಲ್ ಬರೆದು ಕೊಡುವವನು ನಾನೇ. ಹದಿನಾಲ್ಕು ವರ್ಷದಿಂದ ಎಸಿ ಕೆಳಗೆ ಕೂತು ಬರೆಯುತ್ತಿದ್ದೇನೆ.

ಇಸ್ಮಾಯಿಲ್ ಪತ್ರವನ್ನು ಪೂರ್ತಿ ಕೇಳಿದರು. ವಯಸ್ಸು, ತೂಕದ ಸಾಲು ಬಂದಾಗ "ಇನ್ನೊಮ್ಮೆ ಓದಿ ಸಾರ್" ಎಂದರು. ಓದಿದೆ. "ಭಾರೀ ಚಂದ ಬರ್ದಿದ್ದೀರಿ ಮಾರಾಯ್ರೆ. ಬರ್ದವ ಒಂದ್ಸಲ ಹತ್ತಿ ನೋಡ್ಬೇಕಿತ್ತು, ಅಲ್ವಾ?" ಎಂದರು. ನನ್ನ ಕಣ್ಣು ತುಂಬುವುದೊಂದು ಬಾಕಿ. ಒಂದೂವರೆ ತಿಂಗಳಲ್ಲಿ ನನ್ನ ಪಕ್ಷ ವಹಿಸಿದ ಮೊದಲ ಮನುಷ್ಯ.

ಅವರು ಜೇಬಿನಿಂದ ಮಡಚಿದ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿದರು. ಟ್ಯಾಂಕಿನ ಶೆಡ್ಯೂಲು. ಅಟ್ಟಣಿಗೆ: ಎರಡು ದಿನ. "ಸಾರ್, ಕೆಲಸ ಶುರು ಮಾಡ್ಲಿಕ್ಕೆ ಪರ್ಮಿಟ್ ಕೈಗೆ ಸಿಗುವಾಗಲೇ ಒಂಬತ್ತು ಗಂಟೆ ಆಗ್ತದೆ. ಹನ್ನೆರಡರಿಂದ ಮೂರು ಬಿಸಿಲಲ್ಲಿ ಕೆಲಸ ಮಾಡ್ಲಿಕ್ಕೇ ಇಲ್ಲ, ಸರ್ಕಾರದ ರೂಲು. ಉಳಿದ ಹೊತ್ತು ಪೈಪ್ ಮುಟ್ಟಿದ್ರೆ ಕೈ ಸುಡ್ತದೆ. ಹುಡುಗರು ಬೈಸಿಕೊಳ್ತಾ ಇದ್ದಾರೆ, ಲೇಟು ಲೇಟು ಅಂತ. ನಂಗೆ ಇಂಗ್ಲಿಷಲ್ಲಿ ಇಷ್ಟು ಚಂದ ಬರೀಲಿಕ್ಕೆ ಬರುದಿಲ್ಲ. ನಿಮ್ಮ ಈ ಕಾಗದದಲ್ಲಿ ಆ ಬೆಟ್ಟದ ಹೆಸರು ತೆಗ್ದು ನಮ್ಮ ಟ್ಯಾಂಕಿನ ನಂಬರ್ ಹಾಕಿ ಕೊಡ್ತೀರಾ?"

ಅವರ ಮುಖವನ್ನು ಎಷ್ಟು ನೋಡಿದರೂ ಕುಹಕ ಕಾಣಲಿಲ್ಲ. ಇದ್ದಿದ್ದರೆ ಸಿಟ್ಟಾಗಬಹುದಿತ್ತು. ಬೆಟ್ಟದ ಹೆಸರು ತೆಗೆದೆ, ಟ್ಯಾಂಕಿನ ನಂಬರ್ ಹಾಕಿದೆ, ಅವರಿಗೆ ಕಳಿಸಿದೆ. ಅವರು ಅದನ್ನು ಸಂಬಂಧಪಟ್ಟವರಿಗೆ ಕಳಿಸಿದರು. ಹತ್ತು ನಿಮಿಷದೊಳಗೆ ಪತ್ರ ನನಗೇ ಬಂದು ತಲುಪಿತು, ಪ್ರತಿ ಅಬು ಫಹದ್ ಅವರಿಗೆ.

ಉತ್ತರ ಬರೆಯಲು ಕೂತಿದ್ದೇನೆ. ವಯಸ್ಸು ಐವತ್ತೊಂದು, ತೂಕ ಎಂಬತ್ತೆಂಟು ಎಂದು ಬರೆದಾಯಿತು. ಬೆನ್ನ ಮೇಲೆ ಏನೂ ಇರಲಿಲ್ಲ. ಸ್ವತಃ ಎಷ್ಟು ಸಲ ಹತ್ತಿದ್ದೀರಿ ಎಂಬ ಪ್ರಶ್ನೆ ಮಾತ್ರ ಉಳಿದಿದೆ. ಪ್ರಶ್ನೆ ಕೇಳಿದವನ ಧಾಟಿ ಸ್ವಲ್ಪ ಒರಟಾಯಿತೆಂದು ನನಗೆ ಈಗ ಅನ್ನಿಸುತ್ತಿದೆ.